ಕತ್ತಲೆಯಲ್ಲಿ ದಣಿವಿನ ಪಾಠ

ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ನಿದ್ದೆ ಮಾಡುತ್ತಾರೆ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಬೇರೆಯವರ ತರಗತಿಯಲ್ಲೂ ಮಾಡುತ್ತಾರೆ. ಅವರು ಬಾಯಿ ಬಿಡುವುದಿಲ್ಲ, ಅಷ್ಟೇ. ಆದರೆ ಈ ನಿದ್ದೆಗೆ ನನ್ನ ಪಾಠವೊಂದೇ ಕಾರಣವಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಅನುಕೂಲ ನನಗಿತ್ತು. ನಮ್ಮದು ಬೆಂಗಳೂರಿನ ದಾಸರಹಳ್ಳಿಯ ಒಂದು ಬೆಳಗಿನ ಕಾಲೇಜು. ಮೆಟ್ರೋ ಇನ್ನೂ ಬರೀ ಕಂಬಗಳಾಗಿ ನಿಂತಿದ್ದ ಕಾಲ. ಕೊನೆಯ ವರ್ಷದ ಬಿ.ಕಾಂ.ನಲ್ಲಿ ಅರ್ಧದಷ್ಟು ಹುಡುಗರು ಪೀಣ್ಯದ ಫ್ಯಾಕ್ಟರಿಗಳಲ್ಲಿ ನೈಟ್ ಶಿಫ್ಟ್ ಮುಗಿಸಿ, ಮುಖಕ್ಕೆ ನೀರು ಹಾಕಿಕೊಂಡು, ಒಂದು ಪ್ಲೇಟ್ ಇಡ್ಲಿ ತಿಂದು ಸೀದಾ ಬೆಂಚಿಗೆ ಬರುತ್ತಿದ್ದರು. ಅವರನ್ನು ಎಚ್ಚರವಾಗಿಡುವ ವಿದ್ಯೆ ಆರು ವರ್ಷಗಳಲ್ಲಿ ನನಗೆ ಕೈಹತ್ತಿತ್ತು. ಡಸ್ಟರನ್ನು ಮೇಜಿಗೆ ಕುಟ್ಟುತ್ತಿದ್ದೆ, ಹೇಳುತ್ತ ಹೇಳುತ್ತ ಕೊನೆಯ ಬೆಂಚಿನವರೆಗೂ ನಡೆದುಬಿಡುತ್ತಿದ್ದೆ, ತೂಕಡಿಸುವವನ ಹೆಸರನ್ನೇ ಉದಾಹರಣೆಯೊಳಗೆ ತುರುಕುತ್ತಿದ್ದೆ. "ಈಗ ಶಿವಪ್ಪ ಒಂದು ಕಂಪನಿ ಮಾಲೀಕ ಅಂತಿಟ್ಕೊಳ್ಳಿ" ಎಂದರೆ ಸಾಕು, ಗದಗದ ಕಡೆಯ ಶಿವಪ್ಪ ನೆಟ್ಟಗೆ ಕೂರುತ್ತಿದ್ದ. ಮಾಲೀಕನಾಗಿ ನಿದ್ದೆ ಹೊಡೆಯುವುದು ಅವನಿಗೆ ಒಗ್ಗುತ್ತಿರಲಿಲ್ಲ.

ಈ ಸಂಸಾರ ಹೀಗೇ ಸಾಗುತ್ತಿತ್ತೇನೋ. ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ಮೇಡಂ, ಯೂನಿವರ್ಸಿಟಿಯಿಂದ ಕಮಿಟಿ ಬರ್ತಿದೆ. ನಿಮ್ಮ ಕ್ಲಾಸಿಗೇ ಕರ್ಕೊಂಡು ಬರ್ತೀನಿ. ನಿಮ್ಮನ್ನ ಖಾಯಂ ಮಾಡೋ ಫೈಲು ಅವರ ರಿಪೋರ್ಟ್ ಮೇಲೇ ನಿಂತಿದೆ ಅಂತ ಗೊತ್ತಲ್ಲ? ಚಾಕ್‌ಪೀಸ್ ಮುಟ್ಟಬೇಡಿ. ಎಲ್ಲಾ ಪ್ರೊಜೆಕ್ಟರ್‌ನಲ್ಲೇ ಆಗ್ಬೇಕು." ಆರು ವರ್ಷದಿಂದ ನಾನು ತಾತ್ಕಾಲಿಕ ಅಧ್ಯಾಪಕಿ. ಮನೆಯಲ್ಲಿ ಹಾಲಿನವನಿಗೂ ಗೊತ್ತಿದ್ದ ವಿಷಯ ಅದು. ಪಠ್ಯಕ್ರಮದಲ್ಲಿ ಮುಂದಿನ ಅಧ್ಯಾಯ ಯಾವುದೆಂದು ನೋಡಿದರೆ, 'ಕಾರ್ಮಿಕರ ದಣಿವು: ಕಾರಣಗಳು ಮತ್ತು ಪರಿಹಾರಗಳು'. ನಾನು ಆರಿಸಿಕೊಂಡದ್ದಲ್ಲ, ದೇವರಾಣೆ.

ಕಂಪ್ಯೂಟರ್ ವಿಭಾಗದ ಸುಧಾ ಮೂರು ದಿನದಲ್ಲಿ ನನಗೆ ಸ್ಲೈಡ್ ಮಾಡುವುದನ್ನು ಕಲಿಸಿದಳು. ಹೊಸದಾಗಿ ಕಲಿತವರ ಚಟ ನೋಡಿ, ನಾನು ಒಂದು ಪದವನ್ನೂ ಸುಮ್ಮನೆ ಬರಲು ಬಿಡಲಿಲ್ಲ. ಒಂದು ಮೇಲಿಂದ ಬೀಳುತ್ತಿತ್ತು, ಇನ್ನೊಂದು ಗಿರಗಿರನೆ ತಿರುಗಿಕೊಂಡು ಬರುತ್ತಿತ್ತು. 'ದಣಿವು' ಎಂಬ ಪದ ಪರದೆಯ ಮೇಲೆ ನೆಲೆ ನಿಲ್ಲುವಷ್ಟರಲ್ಲಿ ನಾನೇ ದಣಿದಿರುತ್ತಿದ್ದೆ. ಆದರೆ ತೊಂದರೆ ಅದಲ್ಲ. ನಮ್ಮ ಪ್ರೊಜೆಕ್ಟರ್ ಮುದಿಯದು. ಕೋಣೆ ಕತ್ತಲಾಗದೆ ಗೋಡೆಯ ಮೇಲೆ ಏನೂ ಮೂಡುತ್ತಿರಲಿಲ್ಲ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಲಿಸಿ ಹಾಕಿದರು. ವೈರು ಗಿಡ್ಡ, ಆದ್ದರಿಂದ ನಾನು ಕಂಪ್ಯೂಟರಿನ ಪಕ್ಕ ಬಿಟ್ಟು ಕದಲುವಂತಿಲ್ಲ. ರಿಹರ್ಸಲ್ ದಿನ ದೀಪ ಆರಿಸಿದೆವು. ಎರಡನೆಯ ಸ್ಲೈಡಿಗೆ ಹಿಂದಿನ ನಾಲ್ಕು ಬೆಂಚು ಮಲಗಿತು. ರಾತ್ರಿಯೆಲ್ಲ ಮೆಷಿನ್ ಮುಂದೆ ನಿಂತವರಿಗೆ ನಾನೇ ಜೋಗುಳ ಹಾಡಿದ ಹಾಗಾಗಿತ್ತು. ನನಗೆ ಅಳುವೇ ಬಂತು. "ಸೌಂಡ್ ಹಾಕಿ ಮೇಡಂ, ಎದ್ದೇಳ್ತಾರೆ" ಎಂದಳು ಸುಧಾ. ಸ್ಲೈಡ್ ಮಾಡುವ ಆ ಪ್ರೋಗ್ರಾಮಿನಲ್ಲೇ ಗುಂಡು ಹಾರುವ ಸದ್ದಿತ್ತು, ಬ್ರೇಕ್ ಕಿರುಚುವ ಸದ್ದಿತ್ತು, ಚಪ್ಪಾಳೆಯಿತ್ತು. ಕಮಿಟಿಯ ಎದುರು ಗುಂಡು ಹಾರಿಸುವುದು ಬೇಡವೆಂದು ಚಪ್ಪಾಳೆ ಆರಿಸಿದೆವು. ಪ್ರತಿ ಸ್ಲೈಡಿಗೂ ಒಂದು.

ಕಮಿಟಿ ಬರುವ ದಿನ ಮೂವರು ಬಂದು ಮುಂದಿನ ಸಾಲಿನಲ್ಲಿ ಕೂತರು. ಅಧ್ಯಕ್ಷರು ವಯಸ್ಸಾದ ಪ್ರೊಫೆಸರು, ತೊಡೆಯ ಮೇಲೆ ಫೈಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಪ್ರಿನ್ಸಿಪಾಲರು ಬಾಗಿಲ ಬಳಿ ನಿಂತು ಕರ್ಚೀಫು ಹಿಂಡುತ್ತಿದ್ದರು. ದೀಪ ಆರಿತು. ನನ್ನ ಬೆರಳು ಕೀ ಮೇಲಿತ್ತು, ಕಿವಿ ಮಾತ್ರ ಹಿಂದಿನ ಬೆಂಚಿನ ಕಡೆಗೇ ಇತ್ತು. ಎರಡನೆಯ ಸ್ಲೈಡಿಗೆ ಗೊರಕೆ ಶುರುವಾಯಿತು. ಸಣ್ಣದು, ಆಮೇಲೆ ಇನ್ನೊಂದು, ಒಂದಕ್ಕೊಂದು ಶ್ರುತಿ ಕೂಡಿಸಿಕೊಂಡು. ನಾನು ಗಾಬರಿಯಿಂದ ಕೀ ಒತ್ತಿದೆ. ಸ್ಪೀಕರಿನಿಂದ ಚಪ್ಪಾಳೆ ಸಿಡಿಯಿತು. ಬೆಚ್ಚಿ ಎದ್ದ ಹುಡುಗರು ಯಾವುದೋ ಸಮಾರಂಭ ಮುಗಿಯಿತೆಂದು ತಾವೂ ಚಪ್ಪಾಳೆ ತಟ್ಟಿದರು. ಕಮಿಟಿಯ ಒಬ್ಬ ಸದಸ್ಯರೂ ತಟ್ಟಿದರು; ಅವರೂ ಮಲಗಿದ್ದರೆಂಬ ಅನುಮಾನ ನನಗೆ ಇವತ್ತಿಗೂ ಇದೆ.

ಅಧ್ಯಕ್ಷರು ನಿಧಾನವಾಗಿ ಹಿಂದಕ್ಕೆ ತಿರುಗಿದರು. "ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ಯಲ್ಲಪ್ಪ, ಎದ್ದು ನಿಲ್ಲು. ಕಾರ್ಮಿಕರ ದಣಿವಿಗೆ ಕಾರಣ ಏನು?"

ಎದ್ದವನು ಶಿವಪ್ಪ. ಕಾರಣಗಳ ಸ್ಲೈಡು ಅವನು ಮಲಗಿದ್ದಾಗ ದಾಟಿಹೋಗಿತ್ತು.

"ರಾತ್ರಿ ಪಾಳಿರೀ ಸರ," ಎಂದ ಅವನು, ಕಣ್ಣುಜ್ಜಿಕೊಳ್ಳುತ್ತ. "ಹತ್ತ್ ತಾಸ್ ನಿಂತೇ ಇರ್ತೀವ್ರಿ. ಮುಗಿಸ್ಕೊಂಡ್ ಸೀದಾ ಇಲ್ಲಿಗೇ ಬಂದೀವ್ರಿ."

"ಪರಿಹಾರ?"

ಶಿವಪ್ಪ ಗೋಡೆಯ ಕಡೆ ನೋಡಿದ. "ಮೊದಲನೇದು 'ಸಾಕಷ್ಟು ಬೆಳಕು' ಅಂತ ಐತ್ರೀ. ಲೈಟ್ ಹಾಕಿದ್ರ ಚಲೋ ಆಗ್ತೈತ್ರಿ ಸರ."

ನನ್ನ ಆರು ವರ್ಷ ಮಣ್ಣುಪಾಲಾಯಿತು ಎಂದುಕೊಂಡೆ. ಆಮೇಲೆ ಕತ್ತಲಲ್ಲಿ ಒಂದು ನಗು ಕೇಳಿಸಿತು, ಅಧ್ಯಕ್ಷರದು. "ಹಾಕ್ರೀ ಲೈಟು," ಎಂದರು. ಪಕ್ಕದವರಿಗೆ, "ಬರ್ಕೊಳ್ಳಿ. ತಂತ್ರಜ್ಞಾನದ ಬಳಕೆ ಅತ್ಯುತ್ತಮ. ಓದಿದ್ದನ್ನ ಹುಡುಗರು ಜೀವನಕ್ಕೆ ಅನ್ವಯಿಸ್ತಾರೆ. ಪ್ರತಿ ಅಂಶಕ್ಕೂ ಚಪ್ಪಾಳೆ ತಟ್ಟಿ ಸ್ಪಂದಿಸ್ತಾರೆ."

ಅವರ ಕಾರು ಗೇಟು ದಾಟಿದ ಮೇಲೆ ಪ್ರಿನ್ಸಿಪಾಲರು, "ನಿಮ್ಮದು ಖಾಯಂ ಆಯ್ತು ಅಂತಾನೇ ತಿಳ್ಕೊಳ್ಳಿ ಮೇಡಂ" ಎಂದರು. ನಾನು ನೆಲದ ಮೇಲಿರಲಿಲ್ಲ. ಬಾಗಿಲ ಹತ್ತಿರ ಶಿವಪ್ಪ ಬ್ಯಾಗು ಹೆಗಲಿಗೇರಿಸಿಕೊಂಡು ಕಾಯುತ್ತಿದ್ದ. ಇವನಿಗೊಂದು ಥ್ಯಾಂಕ್ಸ್ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವನೇ ಶುರುಮಾಡಿದ.

"ಇವತ್ತಿಂದು ಭಾಳ ಚಲೋ ಇತ್ರೀ ಮೇಡಂ."

"ಹೌದೇನೋ?" ಎಂದೆ, ಹಿಗ್ಗಿ.

"ಹೌದ್ರಿ. ನಾಳೆ ಪಾಠ ಮಾಡ್ತೀರಲ್ರೀ?"

ಮಾಡ್ತೀನಪ್ಪ ಎಂದೆ, ಅವನ ಮುಖ ನೋಡದೆ. ತಾತ್ಕಾಲಿಕಳಾಗಿದ್ದಷ್ಟು ದಿನವೂ ಮಾಡಿದ ಆ ಒಂದು ಕೆಲಸವನ್ನು, ಖಾಯಂ ಆದ ದಿನವೇ ನಾನು ಮಾಡಿರಲಿಲ್ಲ.