ವಾಕಿಂಗಿಗೊಂದು ಕೈಚೀಲ

ಅಮ್ಮ ವಾಕಿಂಗ್ ಹೊರಡುವಾಗ ಮೊದಲು ಹುಡುಕುವುದು ಚಪ್ಪಲಿಯನ್ನಲ್ಲ, ಕೈಚೀಲವನ್ನು. ತರುವುದೇನೂ ಇರುವುದಿಲ್ಲ. ಆದರೆ ನಮ್ಮ ಕೋಟೆ ಬೀದಿಯಲ್ಲಿ ಹೆಂಗಸೊಬ್ಬಳು ಬರಿಗೈ ಬೀಸಿಕೊಂಡು ಬಿರಬಿರನೆ ನಡೆದರೆ ಮನೆಯಲ್ಲಿ ಜಗಳವಾಗಿದೆ ಎಂದೇ ಲೆಕ್ಕ. ಈ ವಾಕಿಂಗ್ ಶುರುವಾದಾಗಿನಿಂದ ನಮ್ಮನೆಯಲ್ಲಿ ದಿನಕ್ಕೊಂದು ಪ್ರಸಂಗ. ಜೋರಾಗಿ ನಗುವಂತಿಲ್ಲ, ಅಷ್ಟೆ. ಮುಂದಿನ ಟೆಸ್ಟಿನಲ್ಲೂ ಶುಗರ್ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಮ್ಮನೋ, ಬೇರೆಯವರಿಗೆ ಸೂಜಿ ಚುಚ್ಚಿದರೂ ಕಣ್ಣು ಮುಚ್ಚಿಕೊಳ್ಳುವವಳು.

ಬೀದಿ

ನಮ್ಮ ಬೀದಿಯ ಬಾಗಿಲುಗಳೆಲ್ಲ ನೇರ ರಸ್ತೆಗೇ. ಜಗಲಿಯಲ್ಲಿ ಕೂತವರು ಕಾಲು ಚಾಚಿದರೆ ನಡೆಯುವವರು ಎಡವಬೇಕು. ಚೀಲ ಕಂಡ ಕೂಡಲೇ ಒಬ್ಬರು ಕೊತ್ತಂಬರಿ ಸೊಪ್ಪು ತರಲು ಹೇಳಿದರು, ಇನ್ನೊಬ್ಬರು ಹೂವು. ತಂದುಕೊಟ್ಟ ಮನೆಯಲ್ಲೆಲ್ಲ ಕಾಫಿ. ಬೇಡವೆಂದರೆ ಅವರಿಗೆ ಬೇಜಾರು. ಸಕ್ಕರೆ ಬೇಡವೆಂದರೆ ಕಾಯಿಲೆಯ ಸುದ್ದಿ ಬೀದಿಗೆಲ್ಲ. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಏರಿತ್ತು. ಒಂದು ದಿನವೂ ನಡಿಗೆ ತಪ್ಪಿಸಿಲ್ಲವೆಂದು ಅಮ್ಮ ಆಣೆ ಮಾಡಿದಳು. ಕಾಫಿಯ ಕಥೆ ಕೇಳಿದ ಡಾಕ್ಟರು ಇಂಜೆಕ್ಷನ್ನಿಗೆ ಮುಂದಿನ ಟೆಸ್ಟಿನವರೆಗೆ ಗಡುವು ಕೊಟ್ಟು, "ಹಾಗಾದ್ರೆ ಸ್ವಲ್ಪ ದಿನ ಮನೇಲೇ ಕೂತಿರಿ" ಎಂದರು.

ಪಾರ್ಕು

ಹೊಸ ಬಡಾವಣೆಯ ಪಾರ್ಕಿಗೆ ನಾನೇ ಸ್ಕೂಟಿಯಲ್ಲಿ ಕರೆದುಕೊಂಡು ಹೋದೆ. ನಡೆಯಲೆಂದೇ ಬಂದವರು ಗೇಟಿಗೆ ಅಂಟಿಸಿದಂತೆ ಕಾರು ನಿಲ್ಲಿಸಲು ಜಗಳವಾಡುತ್ತಿದ್ದರು. ಒಳಗೆಲ್ಲ ಟ್ರ್ಯಾಕ್ ಪ್ಯಾಂಟು, ದುಬಾರಿ ಶೂ. ಅಮ್ಮ ಮಾತ್ರ ಸೀರೆಯ ಕೆಳಗೆ ನನ್ನ ಕಾನ್ವೆಂಟ್ ಕಾಲದ ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದಳು. ಮೊದಲು ನಮ್ಮ ಬೀದಿಯಲ್ಲಿದ್ದು, ಈಗ ಅಲ್ಲಿ ಮನೆ ಕಟ್ಟಿಸಿಕೊಂಡಿರುವ ಒಬ್ಬ ಆಂಟಿ ಎದುರಾದರು. ಅಮ್ಮ ತಟ್ಟನೆ ಬೆಂಚಿನಲ್ಲಿ ಕೂತು ಸೀರೆ ಕೆಳಗೆಳೆದುಕೊಂಡಳು. ಆಂಟಿಯೂ ಕೂತರು. ಇಬ್ಬರೂ ಏಳುವ ಲಕ್ಷಣವೇ ಇಲ್ಲ. ಗೇಟು ಹಾಕಲು ವಾಚ್‌ಮನ್ ಸೀಟಿ ಊದಿದಾಗ ಏಳಲೇಬೇಕಾಯಿತು. ಆಂಟಿಯ ಸೀರೆಯ ಕೆಳಗೂ ಮಗನ ಸ್ಕೂಲಿನ ಕಪ್ಪು ಶೂ ಇತ್ತು.

ಜನ್ನಾಪುರ

ಭದ್ರಾವತಿಯ ಜನ್ನಾಪುರದಲ್ಲಿರುವ ಚಿಕ್ಕಮ್ಮ ಅಮ್ಮನನ್ನು, ಜೊತೆಗೆ ನನ್ನನ್ನೂ ತನ್ನಲ್ಲಿಗೇ ಕರೆಸಿಕೊಂಡಳು. ಅಲ್ಲಿ ಬಸ್ಸಿಗೆ, ಅಂಗಡಿಗೆ, ಕೆಲಸಕ್ಕೆ ಎಲ್ಲರೂ ನಡೆಯುವವರೇ. ಅದನ್ನು ಯಾರೂ ವಾಕಿಂಗ್ ಎನ್ನುವುದಿಲ್ಲ. ಅಮ್ಮ ಬರಿಗೈಯಲ್ಲಿ ಹೊರಟಳು. ಒಬ್ಬರೂ ತಿರುಗಿ ನೋಡಲಿಲ್ಲ. ಹೋದಷ್ಟೇ ಬೇಗ ಮುಖ ಸಣ್ಣಗೆ ಮಾಡಿಕೊಂಡು ವಾಪಸಾದಳು.

"ಒಬ್ಬರಾದ್ರೂ ಎಲ್ಲಿಗೆ ಅಂತ ಕೇಳಬಾರದೇನೇ? ಎಂಥಾ ಜನ ಮಾರಾಯ್ತಿ."

ಮರುದಿನ ನಡೆಯುವುದು ಬಿಟ್ಟು ಗೇಟಿನಲ್ಲಿ ನಿಂತು, ಹೋಗುವವರನ್ನೆಲ್ಲ ತಾನೇ ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬರ್ತೀರಿ ಎಂದು ವಿಚಾರಿಸತೊಡಗಿದಳು. ಬಸ್ಸು ತಪ್ಪೀತೆಂದು ಜನ ಹಿಂದಿನ ರಸ್ತೆ ಸುತ್ತಿ ಹೋಗತೊಡಗಿದರು. "ಅಕ್ಕಾ, ನಿನ್ನಿಂದ ಇಡೀ ಏರಿಯಾದ ಶುಗರ್ ಇಳೀತು, ನಿಂದೊಂದು ಬಿಟ್ಟು" ಎಂದಳು ಚಿಕ್ಕಮ್ಮ.

ವಾಪಸ್ ಬರುವ ಬಸ್ಸಿನಲ್ಲಿ ಅಮ್ಮ ಬೆರಳು ಮಡಚಿ ದಿನ ಎಣಿಸಿದಳು. ಟೆಸ್ಟು ಹತ್ತಿರ ಬಂದಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. ಅಂಗಡಿಯವರು ಮಾತಾಡಿಸಿದರೂ ಅವಳ ಬೆನ್ನ ಹಿಂದೆ ಸರಿಯುವ ನನ್ನ ಕಡೆ!

"ನಾಳೆಯಿಂದ ನೀನೂ ಬಾರೇ ವಾಕಿಂಗಿಗೆ. ನಿನ್ನ ಕಂಡ್ರೆ ಎಲ್ಲರೂ ಮದುವೆ ಯಾವಾಗ ಅಂತ ನಿನ್ನನ್ನೇ ಹಿಡ್ಕೋತಾರೆ. ನೀನು ನಿಂತು ಉತ್ತರ ಹೇಳ್ತಿರು, ಅಷ್ಟರಲ್ಲಿ ನಾನು ಒಂದು ಸುತ್ತು ಹೊಡ್ಕೊಂಡು ಬಂದ್ಬಿಡ್ತೀನಿ. ಬರ್ತೀಯಲ್ಲ?"