ನಮ್ಮ ಮನೆಯ ಲಸಿಕಾ ತಜ್ಞೆ

ನನ್ನ ಅಕ್ಕನ ಮಗಳು ಲಸಿಕೆಯ ಬಗ್ಗೆ ಬಾಯಿ ತೆರೆದಳೆಂದರೆ ಸೂಜಿಯೇ ಎದ್ದು ಓಡಬೇಕು! ನಾನಂತೂ ಓಡುವ ಸ್ಥಿತಿಯಲ್ಲಿರಲಿಲ್ಲ. ಮೂರು ತಿಂಗಳ ಬಸುರಿ, ದಿನವಿಡೀ ವಾಂತಿ, ಸದಾಶಿವ ಪೇಠದಲ್ಲಿ ಲಿಫ್ಟಿಲ್ಲದ ಮೂರನೆಯ ಮಹಡಿ. ಹನ್ನೊಂದನೆಯ ತರಗತಿಯ ಕೋಚಿಂಗ್ ಕ್ಲಾಸಿಗೆ ಭೋಸರಿಯಿಂದ ಬಂದುಹೋಗುವುದು ದೂರವೆಂದು ಅಕ್ಕ ಅವಳನ್ನು ನಮ್ಮಲ್ಲಿ ಬಿಟ್ಟಿದ್ದಳು.

ಜೀವಶಾಸ್ತ್ರದ ಪುಸ್ತಕ ಅವಳಿಗೆ ಬಾಯಿಪಾಠ. ಒಮ್ಮೆ ಚಪಾತಿ ಹಿಟ್ಟಿನಲ್ಲಿ ಎರಡು ಕೊಂಬಿನ ಆಕೃತಿ ಮಾಡಿ, "ಇದು ಆಂಟಿಬಾಡಿ ನೋಡು ಮಾವಶಿ. ರೋಗ ಬಂದ್ರ ಹಿಂಗ ಗಪ್ಪನ ಹಿಡೀತದ" ಎಂದು ಚಿಕ್ಕಮ್ಮನಾದ ನನ್ನ ಮೂಗನ್ನೇ ಹಿಡಿದಳು. ಅಂದು ನನ್ನ ಗಂಡ ಕೊಂಬಿನ ಚಪಾತಿಯನ್ನು ಏನೂ ಕೇಳದೆ ತಿಂದರು. ಕೇಳಿದ್ದರೆ ಪಾಠ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು!

ಇಷ್ಟೆಲ್ಲ ತಿಳಿದವಳು ತಾನು ಲಸಿಕೆ ಹಾಕಿಸಿಕೊಳ್ಳುತ್ತಾಳೆಯೇ? ಛೇ!

"ಲಸಿಕೆ ಅಂದ್ರ ಮೈಗೆ ಪ್ರಿಲಿಮ್ ಪರೀಕ್ಷಾ ಇದ್ದಂಗ. ನನ್ನ ಮೈ ಭಾಳ ಶಾಣ್ಯಾ ಅದ, ಡೈರೆಕ್ಟ್ ಬೋರ್ಡಿಗೇ ಕೂಡ್ತದ!"

ಕಾಲೇಜಿನಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟ ದಿನ ತೋಳಿಗೆ ಹತ್ತಿ ಅಂಟಿಸಿಕೊಂಡು ನರಳುತ್ತ ಬಂದಳು. ಪಾಪ ಎಂದು ಶೀರಾ ಮಾಡಿಕೊಟ್ಟೆ. ಶೀರಾ ಮುಗಿಯುವಷ್ಟರಲ್ಲಿ ಹತ್ತಿ ಎಡತೋಳಿನಿಂದ ಬಲತೋಳಿಗೆ ಹೋಗಿತ್ತು! ಬೈಯಲು ಉಸಿರು ಬೇಕಲ್ಲ, ಸುಮ್ಮನೆ ಮಲಗಿದೆ.

ಆಗಲೇ ಡಾಕ್ಟರು ನನ್ನ ರಕ್ತಪರೀಕ್ಷೆ ನೋಡಿ, ರುಬೆಲ್ಲಾ ರೋಗ ತಡೆಯುವ ಶಕ್ತಿ ನನಗಿಲ್ಲ ಎಂದರು. ಅದು ತಗುಲಿದರೆ ಹೊಟ್ಟೆಯ ಕೂಸಿಗೆ ಅಪಾಯ. ಬಸುರಿಗೆ ಲಸಿಕೆ ಕೊಡುವಂತಿಲ್ಲ, ಮನೆಯ ಉಳಿದವರು ಹಾಕಿಸಿಕೊಳ್ಳಬೇಕು. ಹಿಂದೆ ಎರಡು ಸಲ ಬಸಿರು ಕಳೆದುಕೊಂಡವಳು ನಾನು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ, ಈ ಹುಡುಗಿಯ ಮುಂದಂತೂ ಇಲ್ಲವೇ ಇಲ್ಲ. ಈ ಕೂಸು ಉಳಿದರೆ ಸಾಕಿತ್ತು ನನಗೆ.

ಗಂಡ ಅಂದೇ ಹಾಕಿಸಿಕೊಂಡರು. ಇವಳಿಗೆ ಹೇಳಿ, ಭಾಷಣ ಕೇಳಲು ದಿಂಬಿಗೊರಗಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು, "ನಡಿ" ಎಂದಳು.

ದವಾಖಾನೆಯಲ್ಲಿ ಅವಳು ಕಿರುಚಿದ್ದಕ್ಕೆ ಹೊರಗೆ ಕಾಯುತ್ತಿದ್ದ ಇಬ್ಬರು ಎದ್ದು ಮನೆಗೇ ಹೋದರು! ಲಸಿಕೆಯಾದ ಮೇಲೂ ಅವಳು ನನ್ನ ಹತ್ತಿರ ಇರಲು ಯಾವ ಭಯವೂ ಇಲ್ಲವೆಂದು ಡಾಕ್ಟರು ಹೇಳಿ ಕಳಿಸಿದರು.

ಮನೆಗೆ ಬಂದವಳೇ ಸ್ಕೂಟರ್ ಓಡಿಸುವ ಹುಡುಗಿಯರ ಹಾಗೆ ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಮನೆಯ ಹೊರಗಿನ ಗ್ಯಾಲರಿಯ ತುದಿಯಲ್ಲಿ ಕುಳಿತುಬಿಟ್ಟಳು.

"ನನ್ನ ಹಂತ್ಯಾಕ ಬರಬ್ಯಾಡ ಮಾವಶಿ. ಲಸಿಕ್ಯಾಗ ಜೀವಂತ ವೈರಸ್ ಇರ್ತದ."

"ಏನೂ ಆಗಂಗಿಲ್ಲ ಅಂತ ಡಾಕ್ಟರು ಹೇಳ್ಯಾರಲ್ಲ. ಒಳಗ ಬಾ."

"ಹಿಂದಿನ ಎರಡು ಸಲನೂ ಏನೂ ಆಗಂಗಿಲ್ಲ ಅಂತನ ಹೇಳಿದ್ರು."

ಇವಳಿಗೆ ಎಲ್ಲ ಗೊತ್ತಿತ್ತು! ಓಢಣಿಯ ನಡುವೆ ಕಾಣುತ್ತಿದ್ದ ಕಣ್ಣೆರಡೂ ತುಂಬಿದ್ದವು. ನನಗೂ ಅಳು ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳನ್ನು ಅಪ್ಪಿಕೊಂಡೆ. ಕೂಸಿಗೆ ತಾಗೀತೆಂದು ಅವಳು ಉಸಿರನ್ನೇ ಬಿಗಿಹಿಡಿದು ಕುಳಿತಿದ್ದಳು.