ತಡವಾಗಿ ಬಂದ ಆರು ಅಂಗಿಗಳು

ಮೂವತ್ತೊಂದು ವರ್ಷ ಪಾರ್ಸೆಲ್ ಆಫೀಸಿನಲ್ಲಿ ದುಡಿದವನು ನಾನು. ಒಂದೇ ಒಂದು ಗಂಟನ್ನೂ ದಾರಿ ತಪ್ಪಿಸಿದವನಲ್ಲ. ಅಂಥ ನನಗೆ ಒಂದು ಸೂಟ್‌ಕೇಸನ್ನು ಮಗಳ ಊರಿಗೆ ಮುಟ್ಟಿಸುವುದು ಯಾವ ಮಹಾ ಕೆಲಸ! ಒಂದೇ ಕಂಪನಿಯ ವಿಮಾನಗಳಲ್ಲಿ ಹೋದರೆ ನಡುವೆ ಒಂಬತ್ತು ಗಂಟೆ ಕಾಯಬೇಕಿತ್ತು. ನಾನು ತಲೆ ಓಡಿಸಿ, ಎರಡು ಕಂಪನಿಗಳ ಬೇರೆ ಬೇರೆ ಟಿಕೆಟ್ ಜೋಡಿಸಿ, ಅದನ್ನು ಎರಡು ಗಂಟೆಗೆ ಇಳಿಸಿದೆ.

ಅವಸರಕ್ಕೆ ಕಾರಣವಿತ್ತು. ಮೊಮ್ಮಗಳು ಏಳು ತಿಂಗಳಿಗೇ ಹುಟ್ಟಿ, ಐದು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಆಗಷ್ಟೇ ಮನೆಗೆ ಬಂದಿದ್ದಳು. ಅಂಗಡಿಯ ಯಾವ ಅಂಗಿ ತೊಡಿಸಿದರೂ ಕೂಸು ಅದರೊಳಗೆ ಕಳೆದೇ ಹೋಗುತ್ತಿತ್ತು. ಹೊಲಿಗೆಯನ್ನೇ ಕಸುಬು ಮಾಡಿಕೊಂಡಿರುವ ನನ್ನವಳು ಫೋನಿನಲ್ಲೇ ಅಳತೆ ಕೇಳಿ ಆರು ಅಂಗಿ ಹೊಲಿದು ಆ ಸೂಟ್‌ಕೇಸಿನಲ್ಲಿ ಇಟ್ಟಿದ್ದಳು. ಒಂದೊಂದೂ ನನ್ನ ಅಂಗೈಯಷ್ಟು.

ಕೌಂಟರಿನ ಹುಡುಗಿ, "ಸರ್, ಟಿಕೆಟ್ ಬೇರೆ ಬೇರೆ ಇದೆ. ಲಗೇಜ್ ಮೊದಲನೇ ವಿಮಾನ ಇಳಿಯೋ ತನಕ ಮಾತ್ರ. ಅಲ್ಲಿ ತಗೊಂಡು ಮತ್ತೆ ಹಾಕಿಸ್ಬೇಕು" ಎಂದಳಂತೆ. ಅಂತೆ ಏಕೆಂದರೆ, ಆ ಹೊತ್ತಿಗೆ ನಾನು ಅವಳಿಗೆ ಚೀಟಿ ಅಂಟಿಸುವ ಸರಿಯಾದ ಕ್ರಮವನ್ನು ಹೇಳಿಕೊಡುತ್ತಿದ್ದೆ.

ನಡುವಿನ ನಿಲ್ದಾಣದಲ್ಲಿ ಇಳಿದೆವು.

"ರೀ, ಎಲ್ಲರೂ ಪೆಟ್ಟಿಗೆ ತಗೋತಿದ್ದಾರೆ."

"ಅವರೆಲ್ಲ ಇದೇ ಊರಿನವರು ಕಣೇ. ನಮ್ಮದು ತಾನಾಗೇ ಮುಂದಿನ ವಿಮಾನ ಹತ್ತುತ್ತೆ."

"ಆ ಹುಡುಗಿ ಏನೋ ಹೇಳಿದ್ಲಲ್ಲ?"

"ಪಾರ್ಸೆಲ್ ವಿಷಯ ನನಗೇ ಹೇಳ್ಕೊಡ್ತೀಯಾ?"

ಪಾಪ, ನನ್ನ ಹಿಂದೆಯೇ ಬಂದಳು. ಮಗಳ ಊರಿನಲ್ಲಿ ಎಲ್ಲರ ಪೆಟ್ಟಿಗೆಗಳೂ ಬಂದವು, ಹೋದವು. ಕೊನೆಗೆ ಬೆಲ್ಟೂ ನಿಂತಿತು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಣ್ಣೊರೆಸಿಕೊಂಡು, "ಈಗ ಕೂಸಿಗೆ ಏನು ತೊಡಿಸೋದು?" ಎಂದಳು, ಅಷ್ಟೇ.

ಉತ್ತರವನ್ನು ಮನೆಗೆ ಹೋದ ಮೇಲೆ ಅವಳೇ ಕಂಡುಕೊಂಡಳು.

"ಆ ಅಂಗಿ ಬಿಚ್ಚಿ."

"ನನ್ನ ಹತ್ರ ಇರೋದು ಇದೊಂದೇ ಕಣೇ."

"ತೊಳೆದೂ ತೊಳೆದೂ ಮೆತ್ತಗಾಗಿದೆ. ಬಿಚ್ಚಿ."

ಸಂಜೆಯೊಳಗೆ ಅದು ಎರಡು ಪುಟ್ಟ ಅಂಗಿಗಳಾಯಿತು. ನನ್ನ ಪಾಲಿಗೆ ಕಾಲರು ಉಳಿಯಿತು. ಆರಡಿ ಎತ್ತರದ ಅಳಿಯ ತನ್ನ ಬನಿಯನ್ ಕೊಟ್ಟ. ಈಗ ಅದರೊಳಗೆ ನಾನು ಕಳೆದುಹೋದೆ.

ನಡುವಿನ ನಿಲ್ದಾಣದಲ್ಲೇ ಉಳಿದಿದ್ದ ಸೂಟ್‌ಕೇಸು ಹದಿನೆಂಟನೆಯ ದಿನ ಬಾಗಿಲಿಗೆ ಬಂತು. ನನ್ನವಳು ಓಡಿಬಂದು ಮೊದಲನೆಯ ಅಂಗಿ ತೊಡಿಸಿದಳು. ಲಾಡಿ ಕಟ್ಟಲು ಸಾಲದು. ಎರಡನೆಯದೂ ಸಾಲದು. ಮೂರನೆಯದರಲ್ಲಿ ತೋಳೇ ತೂರಲಿಲ್ಲ. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ.

"ರೀ, ಬನ್ನಿ ಇಲ್ಲಿ! ಒಂದೂ ಆಗ್ತಿಲ್ಲ ನೋಡಿ!"

ತಿರುಗಿ ನೋಡಿದರೆ ಕೂಸನ್ನು ಎದೆಗವುಚಿಕೊಂಡು ನಗುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ. ಬಾಣಂತಿ ಮಗಳೂ ಅತ್ತಳು. ಅಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದಿದ್ದ ಭಯ ಆ ಬಿಗಿಯಾದ ಅಂಗಿಗಳಿಂದ ಕಳೆಯಿತು.

ಸಮಯ ನೋಡಿ ನಾನೂ ಎದೆಯುಬ್ಬಿಸಿದೆ. "ಹಾಗಾದ್ರೆ ಬೇರೆ ಬೇರೆ ಟಿಕೆಟ್ ಮಾಡಿಸಿದ್ದು ಅಷ್ಟೇನೂ ತಪ್ಪಲ್ಲ, ಅಲ್ವಾ?"

"ತಪ್ಪೇ ಅಲ್ಲ," ಎಂದಳು ಕೂಸಿನ ಕೆನ್ನೆ ಸವರುತ್ತಾ. "ವಾಪಸ್ ಹೋಗೋದಕ್ಕೂ ಹಾಗೇ ಮಾಡಿಸಿ. ನಿಮ್ಮದು ಈ ಸೋಮವಾರಕ್ಕೆ. ನನ್ನದು, ಇವಳು ನಡೆಯೋಕೆ ಶುರು ಮಾಡಿದ ಮೇಲೆ ನೋಡೋಣ."